ಗೀಸರಿಗೆ ನೀರು ತುಂಬುವ ಹಬ್ಬ

ಬಿಸಿ ವಿನೆಗರ್‌ನ ವಾಸನೆ ಮೂಗಿಗೆ ಬಡಿದರೆ ನನಗೆ ದೀಪಾವಳಿ ನೆನಪಾಗುತ್ತದೆ. ಬ್ಯೂನಾ ವಿಸ್ಟಾದ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಬಚ್ಚಲು ಕಣ್ಣ ಮುಂದೆ ಬರುತ್ತದೆ: ತುಕ್ಕಿನ ನೀರು ಹರಿದು ಕೆಂಪಾದ ನೆಲ, ಸ್ಟೂಲಿನ ಮೇಲೆ ನಿಂತ ಅಪ್ಪ, ಅವರ ತಲೆಯ ಮೇಲೆ ಗೋಡೆಗೆ ಆತುಕೊಂಡ ಡೊಳ್ಳು ಹೊಟ್ಟೆಯ ಗೀಸರು. ನಮಗಿಂತ ಮೊದಲೇ ಆ ಮನೆಗೆ ಬಂದದ್ದು ಅದು, ಹಾಗಾಗಿ ಅದಕ್ಕೆ ಕೊಂಚ ಜಂಬವೂ ಇತ್ತು. ಕಾಯಲು ಅರ್ಧ ಗಂಟೆ, ಕಾದ ಮೇಲೆ ಗೊಣಗಾಟ. ವರ್ಷವಿಡೀ ಬೆವರುವ ಸಿಂಗಪುರದಲ್ಲಿ ಬಿಸಿನೀರು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತವರಿಗೆ ಬೇಕು.

ಮೈಸೂರಿನಲ್ಲಿ ಅಮ್ಮನ ತವರಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು, ಬಳ್ಳಿ ಸುತ್ತಿ, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬುತ್ತಿದ್ದರಂತೆ. ನಮಗೆ ಹಂಡೆ ಎಲ್ಲಿಂದ ಬರಬೇಕು? ಗೀಸರೇ ಹಂಡೆ. ಅಪ್ಪ ಬ್ಯಾಂಕಿನವರು. ಊರಿಗೆ ಊರೇ ದುಡ್ಡಿನ ಹಿಂದೆ ಓಡುತ್ತಿದ್ದ ಆ ವರ್ಷಗಳಲ್ಲಿ ಅವರೂ ಓಡುತ್ತಿದ್ದರು. ನಾನು ಮಲಗಿದ ಮೇಲೆ ಬಂದು ಏಳುವ ಮೊದಲೇ ಹೊರಟುಬಿಡುತ್ತಿದ್ದರು. ನೀರು ತುಂಬುವ ಹಬ್ಬದ ದಿನ ಮಾತ್ರ ಮಧ್ಯಾಹ್ನಕ್ಕೇ ಮನೆಯಲ್ಲಿರುತ್ತಿದ್ದರು. ಟೈ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಮೇನ್ ಸ್ವಿಚ್ ಆಫ್ ಮಾಡಿ, ಟ್ಯಾಂಕಿನ ನೀರೆಲ್ಲ ಹೊರಗೆ ಬಿಟ್ಟು, ಒಳಗಿನ ಕಾಯಿಲ್ ತೆಗೆದು, ಅದಕ್ಕಂಟಿದ ಬಿಳಿ ಹಕ್ಕಳೆ ಬಿಡಲೆಂದು ಬಿಸಿ ವಿನೆಗರ್‌ನಲ್ಲಿ ನೆನೆಹಾಕುತ್ತಿದ್ದರು. ಅದು ನೆನೆಯುವಷ್ಟು ಹೊತ್ತು ನನ್ನ ಶಾಲೆ, ಟೀಚರ್, ಗೆಳತಿಯರ ಜಗಳ, ಎಲ್ಲವನ್ನೂ ಕೇಳುತ್ತಿದ್ದರು. ಇಡೀ ವರ್ಷದ ಮಾತು ನಾನು ಅವತ್ತಿಗೇ ಕೂಡಿಡುತ್ತಿದ್ದೆ. ಮತ್ತೆ ಜೋಡಿಸಿ ನೀರು ಬಿಟ್ಟಾಗ ಬಿಸಿನೀರಿನ ನಲ್ಲಿಯ ಮುಂದೆ ಕೂರುವುದು ನನ್ನ ಕೆಲಸ. ನಲ್ಲಿ ಮೊದಲು ಬರೀ ಗಾಳಿ ಕೆಮ್ಮಿ, ಕೊನೆಗೆ ನೀರು ಸುರಿದರೆ ಟ್ಯಾಂಕು ತುಂಬಿತೆಂದು ಅರ್ಥ. "ಅಪ್ಪಾ, ಫುಲ್ ಆಯ್ತು ಲಾ!" ಎಂದು ಸಿಂಗಪುರದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಕೂಗುತ್ತಿದ್ದೆ. ಅಮ್ಮ ಬಂದು ಗೀಸರಿಗೆ ಕುಂಕುಮವಿಟ್ಟು ಮಲ್ಲಿಗೆ ಸುತ್ತುತ್ತಿದ್ದಳು.

ಆಮೇಲೆ ನಿವಾಸಿಗಳೆಲ್ಲ ಸೇರಿ ಕಟ್ಟಡವನ್ನೇ, ಕೆಡವಿ ಹೊಸದು ಕಟ್ಟುವ ಬಿಲ್ಡರ್‌ಗೆ ಮಾರಿದರು. ಒಳ್ಳೆಯ ಬೆಲೆ ಬಂತೆಂದು ಎಲ್ಲರಿಗೂ ಖುಷಿ. ದೀಪಾವಳಿ ಮುಗಿದ ಕೂಡಲೇ ನಾವೂ ಶಿಫ್ಟ್ ಆಗಬೇಕಿತ್ತು. ಅಷ್ಟರಲ್ಲಿ ಗೀಸರಿನ ಕಾಯಿಲ್ ಸುಟ್ಟುಹೋಯಿತು. ಯಾವಾಗಲೂ ರಿಪೇರಿಗೆ ಬರುತ್ತಿದ್ದ ಲಿಮ್ ಅಂಕಲ್, ಒಡೆಯುವ ಮನೆಗೆ ರಿಪೇರಿ "ಫಾರ್ ವಾಟ್ ಲಾ?" ಎಂದು ನಕ್ಕರು.

"ನೀರು ಸ್ಟೋವ್ ಮೇಲೆ ಕಾಯಿಸ್ತೀನಿ ಬಿಡ್ರಿ, ಪ್ಯಾಕಿಂಗ್ ನೋಡೋಣ," ಎಂದಳು ಅಮ್ಮ.

"ಇಲ್ಲ ಕಣೇ, ಇನ್ನೊಂದು ಹಬ್ಬ ಇದೆ ಇಲ್ಲಿ," ಎಂದರು ಅಪ್ಪ.

ಆಗಲೇ ಮನೆ ಖಾಲಿ ಮಾಡಿದ್ದ ಮೇಲಿನ ಮಹಡಿಯ ಆಂಟಿಗೆ ಫೋನ್ ಮಾಡಿ ಕೇಳಿ, ಅವರು ಬಿಟ್ಟುಹೋದ ಅಂಥದೇ ಗೀಸರಿನ ಕಾಯಿಲನ್ನು ಅಪ್ಪ ಮತ್ತು ಲಿಮ್ ಅಂಕಲ್ ಬಿಚ್ಚಿ ತಂದರು. ಅದು ಸರಿಯಾಗಿ ಕೂತಿತು. ಚತುರ್ದಶಿಯ ಮುಂಜಾನೆ ಅಮ್ಮ ಹೊಯ್ದ ನೀರು ಚುರುಗುಟ್ಟುವಷ್ಟು ಬಿಸಿಯಿತ್ತು.

ಮನೆ ಬಿಡುವ ದಿನ ಸಾಮಾನೆಲ್ಲ ಲಾರಿ ಹತ್ತಿದ ಮೇಲೆ ಅಪ್ಪ ಗೀಸರಿನ ನೀರನ್ನೆಲ್ಲ ಹೊರಗೆ ಬಿಟ್ಟರು. ಆಮೇಲೆ ವಾಲ್ವ್ ತಿರುಗಿಸಿ ಮತ್ತೆ ತುಂಬತೊಡಗಿದರು. "ಇನ್ಯಾರಿಗ್ರೀ ಅದು?" ಎಂದಳು ಅಮ್ಮ. "ಖಾಲಿ ಬಿಟ್ಟು ಹೋಗೋಕೆ ಮನಸ್ಸು ಬರ್ತಿಲ್ಲ," ಎಂದರು. ನಾನು ನಲ್ಲಿಯ ಮುಂದೆ ಕೂತೆ. ಅದು ಕೆಮ್ಮಿತು, ಸುರಿಯಿತು. "ಬಂತು ಅಪ್ಪಾ," ಎಂದೆ ಮೆಲ್ಲಗೆ.

ಪಾಯಾ ಲೆಬಾರ್‌ನ ಹೊಸ ಕಾಂಡೋ ಫ್ಲ್ಯಾಟಿನಲ್ಲಿ ಗೀಸರಿನ ಬದಲು ಒಂದು ಸಣ್ಣ ಬಿಳಿ ಡಬ್ಬಿ ಇತ್ತು. ಒತ್ತಿದರೆ ತಕ್ಷಣ ಬಿಸಿನೀರು. ಬಿಚ್ಚುವುದಿಲ್ಲ, ತೊಳೆಯುವುದಿಲ್ಲ, ಕಾಯುವುದಿಲ್ಲ. ಅಪ್ಪ ತೀರಿಕೊಂಡು ಇಷ್ಟು ವರ್ಷವಾದ ಮೇಲೂ ಅಂಥ ಡಬ್ಬಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲ ವರ್ಷ ನೀರು ತುಂಬುವ ಹಬ್ಬದ ದಿನ ಶಾಲೆಯಿಂದ ಬಂದವಳೇ ಸ್ಟೂಲು ಎಳೆದು ಬಚ್ಚಲಲ್ಲಿಟ್ಟೆ. ಅಮ್ಮ ಡಬ್ಬಿಗೆ ಕುಂಕುಮವಿಟ್ಟಿದ್ದಳು. ಸಂಜೆಯಾದರೂ ಅಪ್ಪ ಬಾರದಿದ್ದಾಗ ಆಫೀಸಿಗೆ ಫೋನ್ ಮಾಡಿದೆ.

"ಅದ್ರಲ್ಲಿ ತುಂಬೋಕೆ ಏನಿದೆ ಪುಟ್ಟಿ?" ಎಂದರು. "ನೀವು ಊಟ ಮಾಡಿ. ನಂಗೆ ಲೇಟ್ ಆಗತ್ತೆ."

ಸ್ಟೂಲನ್ನು ಎತ್ತಿ ಅಡುಗೆಮನೆಯಲ್ಲಿಟ್ಟೆ. ಆಮೇಲಿನ ಯಾವ ವರ್ಷವೂ ಅಪ್ಪ ಆ ದಿನ ಬೇಗ ಬರಲಿಲ್ಲ.