ಲೈಸೆನ್ಸಿಗೆ ಐದು ಮತ

ಮೊನ್ನೆ ಬೆಳಿಗ್ಗೆ ನನ್ನ ಫೋನಿಗೆ ಒಂದು ಪಟ್ಟಿ ಬಂತು: ಎಲ್ಲ ಕಾಲಕ್ಕೂ ಶ್ರೇಷ್ಠವಾದ ನೂರು ಸಿನಿಮಾ ಹಾಡುಗಳು. ಯಾರು ಮಾಡಿದರು, ಯಾರನ್ನು ಕೇಳಿ ಮಾಡಿದರು, ದೇವರೇ ಬಲ್ಲ. ಮೈಯೆಲ್ಲ ಉರಿದು ಹೋಯಿತು. ಕನ್ನಡಕ ಹುಡುಕಿಕೊಂಡು, ಜಗತ್ತನ್ನು ತಿದ್ದಲು ನನ್ನದೇ ಪಟ್ಟಿ ಬರೆಯುತ್ತ ಕೂತೆ. ಏಳನೆಯ ಹಾಡಿಗೆ ಬರುವಷ್ಟರಲ್ಲಿ ನನ್ನ ಚಿಕ್ಕಪ್ಪ, ಕಾಕಾ, ನೆನಪಾದರು.

ಈ ರೋಗ ನನಗೆ ಅಂಟಿದ್ದೇ ಅವರಿಂದ. ಅರವತ್ತರ ದಶಕದ ಆರಂಭ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಕಾಕಾ ಅರಳೆಯ ವ್ಯಾಪಾರಿ. ಚಿಟಿಕೆ ಅರಳೆಯನ್ನು ಬೆರಳಿನಲ್ಲಿ ಎಳೆದು ನೋಡಿ ಅದರ ಗುಣ ಹೇಳಿಬಿಡುತ್ತಿದ್ದರು. ಹಾಡಿಗೂ ಅದೇ ಬೆರಳು ಸಾಕೆಂದು ಅವರು ನಂಬಿದ್ದೇ ತೊಂದರೆಯಾಯಿತು. ಹುಬ್ಬಳ್ಳಿ-ಧಾರವಾಡದ ನೀರು ಕುಡಿದವರಿಗೆ ಸಂಗೀತ ತಾನಾಗಿಯೇ ಬರುತ್ತದೆಂದು ನಾವೆಲ್ಲ ಇಂದಿಗೂ ನಂಬಿದ್ದೇವೆ, ಅವರೊಬ್ಬರನ್ನೇ ಬಯ್ದು ಏನು ಫಲ?

ಓಣಿಗೆ ಒಂದೇ ರೇಡಿಯೊ, ಅದು ನಮ್ಮದು. ರವಿವಾರ ಮುಂಜಾನೆ ಹೊರದೇಶದ ಸ್ಟೇಷನ್ನಿನಿಂದ ಹಿಂದಿ ಸಿನಿಮಾ ಹಾಡು ಬರುವ ಹೊತ್ತಿಗೆ ನೆರೆಯ ಗಂಡಸರೆಲ್ಲ ಪಡಸಾಲೆಯ ಜಮಖಾನೆಯ ಮೇಲೆ ಹಾಜರು. ಪ್ರತಿ ಹಾಡು ಮುಗಿದ ಮೇಲೆ ಕೈ ಎತ್ತಿ ಮತ ಹಾಕುವುದು, ಯಾವುದಕ್ಕೆ ಎಷ್ಟನೆಯ ನಂಬರು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಎಲ್ಲರಿಗೂ ಒಂದೊಂದು ಮತ, ಕಾಕಾಗೆ ಐದು.

"ನಿಮಗಷ್ಟ ಯಾಕ್ರಿ ಐದು, ಸಾವ್ಕಾರ್ರ?" ಎಂದು ಎದುರುಮನೆಯ ಮಾಸ್ತರರು ಒಮ್ಮೆ ಕೇಳಿಯೇ ಬಿಟ್ಟರು.

"ಲೈಸೆನ್ಸ್ ಯಾರ ಹೆಸರಿಲೆ ಐತ್ರಿ?" ಎಂದರು ಕಾಕಾ. ಆಗ ರೇಡಿಯೊ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು.

ಕಾಕಾನ ಪ್ರಕಾರ ಶ್ರೇಷ್ಠ ಹಾಡು ಮೆಲ್ಲಗೆ ಸಾಗಬೇಕು, ಅದರಲ್ಲಿ ಯಾರಾದರೂ ಅಳುತ್ತಿರಬೇಕು, ಮಾತು ಅರ್ಥವಾಗಬಾರದು. ಹಿಂದಿ ಬಾರದ ಅವರಿಗೆ ಕೊನೆಯದು ಬಹಳ ಅನುಕೂಲವಾಗಿತ್ತು. ಮೊದಲ ನಂಬರಿನ ಹಾಡಿಗೆ ಅವರು ಕಣ್ಣು ಮುಚ್ಚಿದರೆ ಗೊರಕೆ ಕೇಳಿಸುವವರೆಗೆ ಅದು ರಸಾನುಭವ.

ಹೆಂಗಸರಿಗೆ ಮತವಿರಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕು, ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಾಗಿಲ ಹತ್ತಿರ ಕೂರುತ್ತಿದ್ದ ನನಗೊಂದು ಗುಟ್ಟು ಗೊತ್ತಿತ್ತು. ನಮ್ಮ ಮೊದಲ ನಂಬರಿನ ಹಾಡುಗಳಿಗೆ ಆ ಟಪಟಪ ಸದ್ದು ನಿಲ್ಲುತ್ತಲೇ ಇರಲಿಲ್ಲ. ನಿಲ್ಲುತ್ತಿದ್ದುದು ಒಂದೇ ಹಾಡಿಗೆ. ಟಾಂಗಾದ ಕುದುರೆ ಓಡುವ ತಾಳದ ಹಾಡದು. ನಮ್ಮ ಪಟ್ಟಿಯಲ್ಲಿ ಕಟ್ಟಕಡೆಯದು. ನನಗೂ ಅದೇ ಇಷ್ಟ. ಹೇಳುವ ಎದೆ ಇರಲಿಲ್ಲ.

ಒಂದು ರವಿವಾರ ಅದು ಬಂದೊಡನೆ ಕಾಕಾ ಎದ್ದರು. "ಇಂಥಾ ಹಾಡು ಇನ್ನ ಮ್ಯಾಲೆ ನಮ್ಮ ಮನ್ಯಾಗ ಬ್ಯಾಡ. ಬ್ಯಾಡ ಅನ್ನಾವ್ರು ಕೈ ಎತ್ರಿ." ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಕಾಕಾ ರೇಡಿಯೊ ಬಂದ್ ಮಾಡಿದರು.

ಹಿಟ್ಟಿನ ಕೈಯಲ್ಲೇ ಕಾಕು ಹೊರಗೆ ಬಂದರು. ಮೊದಲು ನನ್ನ ಕೈ ನೋಡಿದರು. "ತಮ್ಮಾ, ನಿನಗೂ ಬ್ಯಾಡೇನು?"

ನಾನು ನೋಟ್‌ಬುಕ್ ನೋಡಿದೆ.

ಆಮೇಲೆ ಗಂಡನತ್ತ ತಿರುಗಿ, "ಲೈಸೆನ್ಸ್ ನಿಮ್ಮ ಹೆಸರಿಲೆ ಇರ್ಲಿ ಬಿಡ್ರಿ. ರೊಟ್ಟಿ ಬಡಿಯೂ ಕೈ ನನ್ನವು. ಆ ಹಾಡು ಮುಗಿಯೂತನಕ ರೊಟ್ಟಿ ಇಲ್ಲ" ಎಂದವರೇ ಜಮಖಾನೆಯ ಮೇಲೆ ನಮ್ಮೆಲ್ಲರ ನಡುವೆ ಕೂತುಬಿಟ್ಟರು.

ಕಾಕಾನ ಐದು ಮತಗಳೂ ಒಟ್ಟಿಗೆ ಓಡಿ ಗುಂಡಿ ತಿರುಗಿಸಿದವು. ಆದರೆ ಆಗಿನ ರೇಡಿಯೊ ಕಾದು ದನಿ ಕೊಡಲು ಒಂದು ನಿಮಿಷವಾದರೂ ಬೇಕು. ಕಾಕು ಮಡಿಲಲ್ಲಿ ಹಿಟ್ಟಿನ ಕೈ ಇಟ್ಟುಕೊಂಡು ಕಾದರು. ಕೊನೆಗೆ ದನಿ ಬಂತು. ಹಾಡು ಮುಗಿದಿತ್ತು; ಯಾವುದೋ ಸೋಪಿನ ಜಾಹೀರಾತು ನಡೆದಿತ್ತು. ಕಾಕು ಎದ್ದು ಒಳಗೆ ಹೋದರು. ಟಪಟಪ ಸದ್ದು ಮತ್ತೆ ಶುರುವಾಯಿತು. ಆಮೇಲೆ ನಾನು ಆ ಮನೆಯಲ್ಲಿ ಇರುವವರೆಗೂ ಪ್ರತಿ ರವಿವಾರ ಕಾದೆ. ಆ ಹಾಡು ಮತ್ತೆ ಬರಲೇ ಇಲ್ಲ.

ಫೋನಿನ ನೂರರಲ್ಲಿ ಹುಡುಕಿದೆ. ಅಲ್ಲೂ ಇಲ್ಲ. ನನ್ನ ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಏರಿಸಿ ಬೀಗುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿತು. ಎದ್ದು ಹೋಗಿ ಹೆಂಡತಿಯನ್ನು ಕೇಳಿದೆ, "ನಿನಗ ಯಾವ ಹಾಡು ಭಾಳ ಸೇರತೈತಿ?"

ಅವಳು ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. "ಐವತ್ತು ವರ್ಷಕ್ಕ ಕೇಳಿದ್ರಿ. ನಾ ಹಚ್ಚಿದಾಗೆಲ್ಲ ನೀವು ಬಂದು ಬಂದ್ ಮಾಡ್ತೀರಲ್ಲ, ಆ ಹಾಡು."

ಯಾವುದು ಎಂದು ಮತ್ತೆ ಕೇಳಬೇಕಾಯಿತು. ನಾನು ಬಂದ್ ಮಾಡಿದ ಹಾಡುಗಳು ಒಂದೆರಡಲ್ಲ.