ಹಿಂದಿನ ಬಸ್ಸಿಗಾಗಿ ಕಾದವರು

ಕಂಪ್ಯೂಟರಿನ ಬಸ್ ಆಟಕ್ಕೆ ನಮ್ಮೂರ ರಸ್ತೆಗಳನ್ನು ತೋರಿಸುವ 'ಮಾಡ್' ಎಂಬ ಹೆಚ್ಚುವರಿ ಭಾಗ ಸೇರಿಸಿ, ಅಂತರ್ಜಾಲದಲ್ಲಿ ಒಟ್ಟಾಗಿ ಬಸ್ಸು ಓಡಿಸುತ್ತಿದ್ದ ನಮ್ಮ ತಂಡದ ಮುಖಂಡರು, ಜವನಗೊಂಡನಹಳ್ಳಿಯ ಕುರಿಗಾಹಿ ಮನೆತನದ ಅಣ್ಣನವರ ಕುರಿತು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಬಸ್ಸುಗಳು ಸಾಲಾಗಿ ಹೊರಟಾಗ ಅವರು ಮೈಕಿನಲ್ಲಿ ಕುರಿ ಕರೆಯುವಂತೆ ಲೊಚಗುಟ್ಟಿ, "ಹಿಂದಿಂದು ಬರ್ಲಿ, ತಡೀರಿ" ಎನ್ನುತ್ತಿದ್ದರು.

ಆಟದ ಹೊಸ ಆವೃತ್ತಿ ಬಂದಿತು. ಅದರಲ್ಲಿ ನಮ್ಮ ಮಾಡ್ ಆಗಾಗ ನಿಲ್ಲುತ್ತಿತ್ತು. ನನ್ನ ಹಳೆಯ ಕಂಪ್ಯೂಟರಿನಲ್ಲಂತೂ ಆಟವೇ ತೆರೆಯಲಿಲ್ಲ. ಆವೃತ್ತಿ ಬೇರೆಯಾದರೆ ಜೊತೆಗೆ ಓಡಿಸಲಾಗದ ಕಾರಣ, ತಂಡ ಬಿಡುವುದಾಗಿ ತಿಳಿಸಿದೆನು.

"ಹೊಸದ್ರಾಗೆ ಮಳೆ ಚೆಂದ ಬೀಳ್ತೈತಣ್ಣ, ಅದಕ್ಕೇ ಹೋಗಾಣ," ಎಂದನು ಹೊಳಲ್ಕೆರೆಯ ಗೆಳೆಯ.

"ನೀನೊಬ್ನೇ ನೆನೀತೀಯೇನಲೇ? ನಮ್ಮನೇಲಿ ಕುಂಟೋ ಕುರಿ ನೋಡ್ಕಂಡೇ ಮಂದೆ ಹೊಡೀತೀವಿ. ಎಲ್ರೂ ಹಳೇದ್ರಾಗೇ ಬರ್ರಿ," ಎಂದರು ಅಣ್ಣನವರು.

ಅಂದು ಆಟದ ಹೊಸದುರ್ಗಕ್ಕೆ ನನ್ನ ಬಸ್ಸು ಕೊನೆಯದಾಗಿ ತಲುಪಿತು. ಉಳಿದೆಲ್ಲ ಬಸ್ಸುಗಳೂ ದೀಪ ಹಚ್ಚಿಕೊಂಡು ಅಲ್ಲಿಯೇ ನಿಂತಿದ್ದವೆಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ.