ನೆಲ ಬಿಟ್ಟ ಎರಡು ಗಾಲಿ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಪ್ಯಾಸೆಂಜರ್ ಜೀಪಿನ ಟಾಪ್ ಮೇಲೆ ಎಂಟು ಚೀಲ ತೊಗರಿಬೇಳೆ ಏರಿಸಿದಾಗ ನಾವ್ಯಾರೂ ತಕರಾರು ಮಾಡಲಿಲ್ಲ. ಕಮಲಾಪುರಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಎಮ್ಮೆಯೊಂದು ಅಡ್ಡ ನುಗ್ಗಿತು. ಡ್ರೈವರ್ ಸರಕ್ಕನೆ ಸ್ಟಿಯರಿಂಗ್ ಎಡಕ್ಕೆ ತಿರುವಿದ. ಎಡಗಡೆಯ ಎರಡೂ ಗಾಲಿ ನೆಲ ಬಿಟ್ಟವು. ಬಲಗಡೆ ಕೂತಿದ್ದ ನನಗೆ ಕಿಟಕಿ ತುಂಬ ಡಾಂಬರೇ ಕಂಡಿತು. ಮರುಕ್ಷಣ ಜೀಪು ಧಡಾರನೆ ಮತ್ತೆ ನಾಲ್ಕೂ ಗಾಲಿಗಳ ಮೇಲೆ ಬಿದ್ದು ನಿಂತಿತು.

"ಗಾಡಿ ಜೋರು ಹೊಡೀಲಿಲ್ಲಲ್ರೀ, ಹ್ಯಾಂಗ ಎದ್ದಿತು?" ಎಂದೆ.

"ಭಾರೆಲ್ಲ ಮ್ಯಾಲ ಅದರೀ ಸರ್. ತಿರುವಬಾರದಿತ್ತು, ನೆಟ್ಟಗ ಬ್ರೇಕ್ ಹೊಡೀಬೇಕಿತ್ತು," ಅಂದ ಡ್ರೈವರ್. ಚೀಲಗಳನ್ನೆಲ್ಲ ತಾನೇ ಇಳಿಸಿ, ನಮ್ಮ ಕಾಲಬುಡಕ್ಕೆ ಹಾಕಿದ.

ಮತ್ತೆ ಹೊರಟಾಗ, ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿ ನನ್ನ ಮುಂಗೈ ಹಿಡಿದುಕೊಂಡರು. ಕಮಲಾಪುರ ಬಂದರೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.